ಕಾಲುವೆ ಗುಂಟ, ಚೀಲ ಎಣಿಸುತ್ತಾ

ಬಳ್ಳಾರಿ ಬಿಟ್ಟಾಗ ಬೆಳಗಿನ ಐದೂವರೆ. 2024ರ ನವೆಂಬರ್, ದೀಪಾವಳಿ ಮುಗಿದು ಎರಡು ವಾರ. ಬೈಕು ನನ್ನದು, ಪೆಟ್ರೋಲು ಗೆಳೆಯನದು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ 227 ಕಿ.ಮೀ. ಹರಿಯುತ್ತದೆ. ಅದರ ಗುಂಟ ಎಷ್ಟು ಆಗುತ್ತೋ ಅಷ್ಟು ಹೋಗೋಣ ಅಂತ ಹೊರಟಿದ್ದೆವು. 'ಜನ ಹಂಪಿ ನೋಡ್ತಾರೆ, ಅಂಜನಾದ್ರಿ ಹತ್ತುತಾರೆ. ನೀವು ಕಾಲುವೆ ನೋಡಾಕ ಹೊಂಟೀರಲ್ಲ' ಅಂತ ಮನೆಯಲ್ಲಿ ನಕ್ಕರು.

ಗೆಳೆಯ ಬ್ಯಾಂಕಿನವನು. ಬೆಳೆ ಸಾಲದ ಫೈಲು ನೋಡುವುದು ಅವನ ಕೆಲಸ. ಆ ಫೈಲುಗಳಲ್ಲಿ 'ಇಳುವರಿ' ಅಂತ ಒಂದು ಕಾಲಂ ಇರುತ್ತದಂತೆ. ಹತ್ತು ವರ್ಷದಿಂದ ಅದನ್ನು ತುಂಬುತ್ತಿದ್ದಾನೆ, ಆದರೆ ಕಟಾವಿನ ದಿನ ಗದ್ದೆಯಲ್ಲಿ ನಿಂತು ನೋಡಿಲ್ಲ. ಸಿರವಾರದ ಹತ್ತಿರ ಅವನ ಸೋದರಮಾವನ ಊರು ಬೇರೆ ಇತ್ತು. ರಾತ್ರಿ ಊಟಕ್ಕೆ ಚಿಂತೆಯಿಲ್ಲ ಅಂತ ನಾನೂ ಒಪ್ಪಿದೆ.

ಹೊಸಪೇಟೆ ದಾಟಿ ಅಣೆಕಟ್ಟೆ ಮುಂದೆ ಸ್ವಲ್ಪ ಹೊತ್ತು ನಿಂತೆವು. 33 ಕ್ರೆಸ್ಟ್ ಗೇಟುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಸಲ ಕಣ್ಣು ತಾನಾಗಿ 19ನೆಯದನ್ನು ಹುಡುಕಿತು. ಅದೇ ಆಗಸ್ಟ್ 10ರ ರಾತ್ರಿ ಅದರ ಚೈನು ಕಡಿದು ಗೇಟು ಕೊಚ್ಚಿಹೋಗಿತ್ತು. ಒಂದು ವಾರ ಈ ಭಾಗದ ಜನ ಸರಿಯಾಗಿ ನಿದ್ದೆ ಮಾಡಲಿಲ್ಲ. ಹರಿಯುವ ನೀರಿನ ನಡುವೆಯೇ ಕಬ್ಬಿಣದ ಹಲಗೆಗಳನ್ನು ಇಳಿಸಿ ಮುಚ್ಚಿದರು. ಆಮೇಲೆ ಮತ್ತೆ ಮಳೆ ಬಂದು ಜಲಾಶಯ ತುಂಬಿತು. ತುಂಬದೆ ಹೋಗಿದ್ದರೆ ಬೇಸಿಗೆ ಬೆಳೆ ಹೋಗುತ್ತಿತ್ತು. ನಾವು ಹೊರಡುವ ಮಾತೂ ಬರುತ್ತಿರಲಿಲ್ಲ ಅನ್ನಿ.

ತುಂಬಿತು ಅಂದರೂ ಹಳೇ ತುಂಬುವಿಕೆ ಅಲ್ಲ. 1953ರಲ್ಲಿ ಕಾಲುವೆಗೆ ಮೊದಲ ನೀರು ಬಿಟ್ಟಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಹೂಳು ಕೂತು ಕೂತು ಈಗ 105ರ ಆಸುಪಾಸಿಗೆ ಬಂದಿದೆ. ಅದಕ್ಕೇ ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟಬೇಕು ಅನ್ನುವ ಮಾತು ವರ್ಷಗಳಿಂದ ನಡೆದಿದೆ. ಮಾತಿಗೆ ಹೂಳು ತುಂಬುವುದಿಲ್ಲ, ಅದೊಂದು ಸಮಾಧಾನ.

ಮುನಿರಾಬಾದಿನಿಂದ ಕಾಲುವೆ ಬಂಡೆಗುಡ್ಡಗಳ ನಡುವೆ ನುಗ್ಗುತ್ತದೆ. ಸಾಣಾಪುರದ ಕೆರೆಯಲ್ಲಿ ನಾಲ್ಕೈದು ಜನ ಹರಿಗೋಲಿನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಕೆರೆಯ ನೀರೂ ಈ ಕಾಲುವೆಯದೇ. ಹಿಂದೆ ಗುಡ್ಡ, ಮುಂದೆ ಹಸಿರು ಭತ್ತ. ಬೆಂಗಳೂರಿನವರಿಗೆ ಅದು ಪ್ರಕೃತಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಕಾಲುವೆ ಇಲ್ಲದಿದ್ದರೆ ಕಾಣುತ್ತಿದ್ದದ್ದು ಜೋಳ, ಸಜ್ಜೆ, ಜಾಲಿ ಗಿಡ. ಆನೆಗುಂದಿ ಕಡೆಯ ಬಾಳೆ ತೋಟಗಳಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳಿವೆ, ಇವತ್ತಿಗೂ ಹರಿಯುತ್ತವೆ. ಅವುಗಳ ಬಗ್ಗೆಯೇ ಇನ್ನೊಂದು ಸಲ ಬರೆಯಬೇಕು.

ಗಂಗಾವತಿಯಲ್ಲಿ ಮಂಡಕ್ಕಿ ಒಗ್ಗರಣೆ, ಮೇಲೆ ಎರಡು ಮಿರ್ಚಿ. ತಿಂದು ಒಂದು ಕ್ಯಾಂಪಿಗೆ ಹೊಕ್ಕೆವು.

ಗೊತ್ತಿಲ್ಲದವರಿಗೆ ಹೇಳಬೇಕು. ಇಲ್ಲಿ ಕ್ಯಾಂಪ್ ಅಂದರೆ ಊರು. 1950-60ರ ದಶಕಗಳಲ್ಲಿ ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ರೈತರು ಗಂಟುಮೂಟೆ ಕಟ್ಟಿಕೊಂಡು ಬಂದು ನೆಲೆ ನಿಂತ ಜಾಗಗಳು ಇವು. ನಮ್ಮವರಿಗೆ ಆಗ ನೀರು ಕಟ್ಟುವ ರೂಢಿ ಇರಲಿಲ್ಲ. ಎರೆ ಹೊಲಕ್ಕೆ ನೀರು ಬಿಟ್ಟರೆ ಹೊಲ ಕೆಡುತ್ತದೆ ಅಂತ ಹೆದರಿದರು, ಕಡಿಮೆ ಬೆಲೆಗೆ ಮಾರಿದರು. ಬಂದವರು ನೆಲ ಮಟ್ಟ ಮಾಡಿದರು, ಒಡ್ಡು ಹಾಕಿದರು, ಭತ್ತ ನಾಟಿ ಮಾಡಿದರು. ಮಾರಿದವರ ಮೊಮ್ಮಕ್ಕಳು ಈಗ ಅದೇ ಹೊಲಗಳಲ್ಲಿ ಲೀಸಿಗೆ ದುಡಿಯುವುದೂ ಉಂಟು.

ಗದ್ದೆಯಲ್ಲಿ ತಮಿಳುನಾಡಿನಿಂದ ಬಂದ ಚೈನಿನ ಕಟಾವು ಮಷಿನ್ ಓಡುತ್ತಿತ್ತು. ಒಂದು ಸುತ್ತು ಹಾಕಿ ಬಂದು ಟ್ರ್ಯಾಕ್ಟರ್ ಟ್ರಾಲಿಗೆ ಭತ್ತ ಸುರಿಯುತ್ತದೆ. ಕುಡುಗೋಲಿಲ್ಲ, ಕಣ ಇಲ್ಲ, ರಾಶಿ ಪೂಜೆಯೂ ಇಲ್ಲ. ಬದುವಿನ ಮೇಲೆ ನಿಂತಿದ್ದ ಯಜಮಾನರು ಗೆಳೆಯನ ಕೈಲಿದ್ದ ನೋಟ್‌ಬುಕ್ ನೋಡಿ, 'ಇನ್ಸೂರೆನ್ಸಾ?' ಅಂದರು. ಅಲ್ಲ ಅಂದ ಮೇಲೆ ಟೀ ತರಿಸಿದರು.

'ಎಕ್ರೆಗೆ ಎಷ್ಟು ಬರ್ತೈತ್ರಿ?'

'ನಲವತ್ತು ಚೀಲ. ಚೆನ್ನಾಗಿ ಬಂದ್ರೆ ನಲವತ್ತೈದು.'

ಇಲ್ಲಿ ಚೀಲ ಅಂದರೆ 75 ಕಿಲೋ. ಗೆಳೆಯ ಅಲ್ಲೇ ಲೆಕ್ಕ ಹಾಕಿದ. ಎಕರೆಗೆ 30 ಕ್ವಿಂಟಲ್, ಹೆಕ್ಟೇರ್‌ಗೆ ಏಳು ಟನ್ ದಾಟುತ್ತದೆ. ನಮ್ಮ ದೇಶದ ಸರಾಸರಿ ನಾಲ್ಕು ಟನ್ ಚಿಲ್ಲರೆ. ಏಳು ಟನ್ ಅಂದರೆ ಚೀನಾದ ಸರಾಸರಿ. ಅದನ್ನು ಹೇಳಿದ್ದಕ್ಕೆ ಯಜಮಾನರಿಗೆ ಖುಷಿಯಾಯಿತು. 'ಚೈನಾಕ್ಕೆ ನಮ್ದೇನು ಕಮ್ಮಿ ಇಲ್ಲ ಅನ್ನಿ' ಅಂದರು. ಅವರ ತಾತ ಗುಂಟೂರಿನಿಂದ ಎತ್ತಿನ ಜೋಡಿ, ಒಂದು ಟ್ರಂಕು ತಂದಿದ್ದರಂತೆ.

ಗದ್ದೆ ಮಾತ್ರ ಅವರದಲ್ಲ, ಲೀಸು. ಎರಡು ಬೆಳೆಗೆ ಸೇರಿ ಎಕರೆಗೆ ಇಪ್ಪತ್ತು ಚೀಲಕ್ಕೂ ಜಾಸ್ತಿ ಮಾಲೀಕನಿಗೆ ಅಳೆಯಬೇಕು. ಗೊಬ್ಬರ, ಔಷಧಿ, ಮಷಿನ್ ಬಾಡಿಗೆ ಕಳೆದರೆ ಉಳಿಯುವುದು ಎಷ್ಟು ಅಂತ ಕೇಳಿದೆ. ಅವರು ಟೀ ಲೋಟ ತಿರುಗಿಸುತ್ತಾ, 'ಎರಡನೇ ಬೆಳೆಗೆ ನೀರು ಬಂದ್ರೆ ಉಳೀತೈತಿ' ಅಂದರು. ಬ್ಯಾಂಕಿನ ಕಾಲಂನಲ್ಲಿ ನಲವತ್ತು ಚೀಲ ಬರುತ್ತದೆ. ಈ ಉತ್ತರ ಬರುವುದಿಲ್ಲ.

ಕಾರಟಗಿ ಕಡೆಗೆ ಹೊರಟಾಗ ರಸ್ತೆಯ ಎರಡೂ ಬದಿ ರೈಸ್ ಮಿಲ್ಲು. ಗಾಳಿಯಲ್ಲಿ ತೌಡಿನ ವಾಸನೆ, ದೂರದಲ್ಲಿ ಹುಲ್ಲು ಸುಡುವ ಹೊಗೆ. ಮಷಿನ್ ಕಟಾವಿನ ಮೇಲೆ ಉಳಿದ ಹುಲ್ಲನ್ನು ಎತ್ತುವುದಕ್ಕೆ ಆಳಿಲ್ಲ, ಬೆಂಕಿ ಇಡುತ್ತಾರೆ. ಬರಗಾಲದಲ್ಲಿ ಇದೇ ಹುಲ್ಲಿಗೆ ಕೈ ಮುಗಿದಿದ್ದೇವೆ ಅಂತ ನೆನಪಾಗಿ ಹೊಟ್ಟೆ ಉರಿಯಿತು.

ದಾರಿಯುದ್ದಕ್ಕೂ ಗೆಳೆಯ ಹಿಂದೆ ಕೂತು ದೇಶದ ಲೆಕ್ಕ ಒಪ್ಪಿಸುತ್ತಿದ್ದ. ಗಾಳಿಯಲ್ಲಿ ಅರ್ಧ ಕೇಳಿಸಿತು, ಉಳಿದರ್ಧ ಟೀ ಅಂಗಡಿಯಲ್ಲಿ ಕೇಳಿ ಬರೆದುಕೊಂಡೆ. 1950-51ರಲ್ಲಿ ದೇಶ ಬೆಳೆದ ಆಹಾರ ಧಾನ್ಯ ಸುಮಾರು 5 ಕೋಟಿ ಟನ್. 2023-24ರಲ್ಲಿ 33 ಕೋಟಿ ಟನ್. ಆಗ ಹೆಕ್ಟೇರ್‌ಗೆ 668 ಕಿಲೋ ಅಕ್ಕಿ ಬರುತ್ತಿತ್ತು, ಈಗ 2,800 ದಾಟಿದೆ (ಇದು ಅಕ್ಕಿಯ ತೂಕ, ಗದ್ದೆಯಲ್ಲಿ ಹೇಳಿದ ನಾಲ್ಕು ಟನ್ ಭತ್ತದ್ದು). ನೆಲ ಸೋತಿಲ್ಲ ಅಂತಾಯಿತು. ಇನ್ನೊಂದು ಲೆಕ್ಕ, ಅದೂ 2023-24ರದೇ, ಹೀಗಿದೆ. ದೇಶದ ಒಟ್ಟು ಉತ್ಪಾದನೆಯಲ್ಲಿ ಕೃಷಿಯ ಪಾಲು ನೂರಕ್ಕೆ ಹದಿನೆಂಟರ ಹತ್ತಿರ. ಅದಕ್ಕೆ ದುಡಿಯುವವರು ನೂರಕ್ಕೆ ನಲವತ್ತಾರು ಜನ. ಅಂದರೆ ಹೊಲದಲ್ಲಿ ದುಡಿಯುವ ಒಬ್ಬನ ಕೈಯಿಂದ ಹುಟ್ಟುವ ಬೆಲೆ, ಬೇರೆ ಕಡೆ ದುಡಿಯುವವನದ್ದರ ಕಾಲು ಭಾಗ ಮಾತ್ರ.

'ಮತ್ತೆ ಆ ಏಳು ಟನ್ ಎಲ್ಲಿ ಹೋಯ್ತೋ?' ಅಂದೆ. 'ಅದನ್ನೇ ಹುಡುಕ್ತಿದೀವಿ, ಗಾಡಿ ಓಡಿಸು' ಅಂದ.

ಸಿಂಧನೂರಿನಲ್ಲಿ ಬಿಸಿಲು ಜೋರಾಗಿತ್ತು. ಟ್ರ್ಯಾಕ್ಟರ್ ಷೋರೂಮುಗಳನ್ನು ಎಣಿಸಲು ಶುರು ಮಾಡಿ ಅರ್ಧಕ್ಕೇ ಬಿಟ್ಟೆವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳು ಇಲ್ಲೇ ಸುತ್ತ ಇವೆ. ಮೀನೂಟ ಮಾಡಬೇಕು ಅಂತ ನನಗೆ ಆಸೆ ಇತ್ತು, ಗೆಳೆಯ ಶನಿವಾರ ಅಂತ ತಪ್ಪಿಸಿದ.

ಊರ ಹೊರಗೆ ಒಂದು ಕಡೆ ಗದ್ದೆಯ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಿತ್ತು. ಸವಳು. ನೀರು ನಿಂತು ನಿಂತು ಕೆಳಗಿನ ಉಪ್ಪು ಮೇಲೆ ಬಂದಿದೆ. ಈ ಅಚ್ಚುಕಟ್ಟಿನಲ್ಲಿ, ಅಂದರೆ ಕಾಲುವೆ ನೀರುಣ್ಣುವ ಪ್ರದೇಶದಲ್ಲಿ, ಇಂಥ ಸವಳು-ಜವಳು ನೆಲ ಬೇಕಾದಷ್ಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆಯೇ ಕೆಲಸ ನಡೆಯುತ್ತದೆ. ನೆಲದಡಿ ತೂತಿನ ಪೈಪು ಹೂತು ಉಪ್ಪುನೀರು ಬಸಿದು ತೆಗೆಯುವ ವಿಧಾನ ಅವರದು. ಒಂದು ಕಡೆ ನೀರು ಜಾಸ್ತಿಯಾಗಿ ಹೊಲ ಸಾಯುತ್ತದೆ, ಅದೇ ಕಾಲುವೆಯ ಕೊನೆಗೆ ನೀರಿಲ್ಲದೆ ಸಾಯುತ್ತದೆ. ಇದನ್ನು ಓದಿ ತಿಳಿದಿದ್ದೆ. ಎರಡನ್ನೂ ಒಂದೇ ದಿನ ನೋಡಿದ್ದು ಇದೇ ಮೊದಲು.

ಮಾನ್ವಿ ಕಡೆಗೆ ಹೋಗುತ್ತಾ ಬಣ್ಣ ಬದಲಾಯಿತು. ಭತ್ತ ತೆಳುವಾಯಿತು. ಹತ್ತಿ ಬಂತು, ತೊಗರಿ ಬಂತು, ಮೆಣಸಿನಕಾಯಿ ಬಂತು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಮಡಿಲು ತುಂಬಿಕೊಂಡು ಸಾಲಿನಲ್ಲಿ ಬಗ್ಗಿದ್ದರು. ಉಪಕಾಲುವೆಗಳಲ್ಲಿ ಹುಲ್ಲು ಬೆಳೆದಿತ್ತು.

ಮಾವನ ಮನೆ ತಲುಪಿದಾಗ ಸಂಜೆ. ಅವರಿಗೆ ಆರು ಎಕರೆ ಎರೆ ಹೊಲ, ಕಾಗದದ ಮೇಲೆ ಎಲ್ಲವೂ ನೀರಾವರಿ. ನಾನು ಕಾಕಾ ಅಂದೆ, ಅವರು ನನ್ನನ್ನು ತಮ್ಮಾ ಅಂದರು. ಕಟ್ಟೆ ಮೇಲೆ ಕೂತು ನಾವು ನೋಡಿ ಬಂದ ನಲವತ್ತು ಚೀಲದ ಕಥೆ ಹೇಳಿದೆವು. ಅವರು ಸಿಟ್ಟಾಗಲಿಲ್ಲ.

'ನಲವತ್ತು ಅವರ ಚೀಲ ಅಲ್ಲ ತಮ್ಮಾ. ಅದ್ರಾಗ ಹತ್ತು ನಮ್ಮವು' ಅಂದರು.

ಅದರ ಹಿನ್ನೆಲೆ ಹೀಗೆ. ಈ ಕಾಲುವೆ ಕಟ್ಟಿದ್ದು ಭತ್ತಕ್ಕೆ ಅಂತ ಅಲ್ಲ. ಬರದ ನಾಡು, ನೀರನ್ನು ತೆಳ್ಳಗೆ ಹರಡಿ ಆದಷ್ಟು ಜಾಸ್ತಿ ಹೊಲಕ್ಕೆ ಒಂದೊಂದು ಬೆಳೆ ಉಳಿಸುವುದು ಉದ್ದೇಶ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಸರ್ಕಾರವೇ ಗೊತ್ತು ಮಾಡಿತ್ತು. ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಬೆಳೆ, ಭತ್ತ ಸ್ವಲ್ಪ. ಆದರೆ ಮೇಲ್ಭಾಗದಲ್ಲಿ ನೀರು ಕೈಗೆ ಸಿಗುವಷ್ಟು ಹತ್ತಿರ ಹರಿಯುವಾಗ ಜೋಳ ಯಾರು ಬಿತ್ತುತ್ತಾರೆ? ಭತ್ತ ಬಂತು. ಅಚ್ಚುಕಟ್ಟಿನಲ್ಲಿ ಇಲ್ಲದ ಹೊಲಗಳಿಗೂ ಪಂಪು, ಪೈಪು ಹೋದವು. ಪ್ರತಿ ವರ್ಷ ಕೊನೆ ಭಾಗದ ರೈತರು ರಸ್ತೆಗೆ ಇಳಿಯುತ್ತಾರೆ, ಕಾಲುವೆ ಗುಂಟ ಪೊಲೀಸ್ ಕಾವಲು ಹಾಕುತ್ತಾರೆ. ಪೇಪರಿನಲ್ಲಿ '69ನೇ ಮೈಲಿನ ಗೇಜ್' ಅಂತ ಬರುತ್ತಲ್ವಾ, ಆ ಗೇಜಿನಲ್ಲಿ ಎಷ್ಟು ಅಡಿ ನೀರು ಅನ್ನುವುದೇ ಇವರ ಪಂಚಾಂಗ.

ಗೆಳೆಯ ನೋಟ್‌ಬುಕ್ ತೆಗೆದ. ಭತ್ತಕ್ಕೆ ಒಂದು ಬೆಳೆಗೆ 1,200 ಮಿ.ಮೀ.ಗೂ ಜಾಸ್ತಿ ನೀರು ಬೇಕು. ಜೋಳಕ್ಕೆ 500ರ ಸುತ್ತಮುತ್ತ ಸಾಕು. ಒಂದು ಎಕರೆ ಭತ್ತದ ನೀರಿನಲ್ಲಿ ಎರಡೂವರೆ ಎಕರೆ ಜೋಳ. ಆ ವರ್ಷದ (2024-25) ಬೆಂಬಲ ಬೆಲೆ ಭತ್ತಕ್ಕೆ ಕ್ವಿಂಟಲಿಗೆ 2,300, ಜೋಳಕ್ಕೆ 3,371 ರೂಪಾಯಿ. 30 ಕ್ವಿಂಟಲ್ ಭತ್ತ ಅಂದರೆ 69,000. ಜೋಳ ಎಕರೆಗೆ ಎಂಟು ಕ್ವಿಂಟಲ್ ಅಂತ ಇಟ್ಟುಕೊಂಡ, ಒಟ್ಟು 20 ಕ್ವಿಂಟಲ್, 67,420. ಹೆಚ್ಚುಕಡಿಮೆ ಒಂದೇ! ಗೊಬ್ಬರ, ಔಷಧಿಯ ಖರ್ಚು ಜೋಳಕ್ಕೆ ತೀರಾ ಕಡಿಮೆ, ಮೇಲೆ ಮೇವು. ಎಕರೆ ಲೆಕ್ಕ ಬಿಟ್ಟು ನೀರಿನ ಲೆಕ್ಕ ಹಿಡಿದರೆ ನಲವತ್ತು ಚೀಲದ ದೊಡ್ಡಸ್ತಿಕೆ ಇಳಿದುಬಿಡುತ್ತದೆ.

ನನಗೆ ಇದು ದೊಡ್ಡ ಶೋಧ ಅನ್ನಿಸಿತ್ತು. ಕಾಕಾ ಕೇಳಿ, 'ಲೆಕ್ಕ ಬರೋಬ್ಬರಿ ಐತಿ. ಹಕ್ಕಿ ಯಾರು ಕಾಯ್ತಾರ? ಜ್ವಾಳ ಕೀಳಾಕ ಆಳು ಎಲ್ಲಿ ಅದಾವ? ಆ ಬೆಂಬಲ ಬೆಲಿ ಕೊಟ್ಟು ಕೊಳ್ಳೋರು ಎಲ್ಲ್ಯಾರ?' ಅಂದರು. ಭತ್ತಕ್ಕೆ ಮಷಿನ್ ಇದೆ, ಮಿಲ್ಲಿದೆ, ಹೊಲದ ಬದುವಿಗೇ ಲಾರಿ ಬರುತ್ತದೆ. ನೀರು ಸರಿಯಾಗಿ ಬಂದರೆ ತಾವೂ ಭತ್ತವನ್ನೇ ಹಾಕುವುದು ಅಂತ ಮುಚ್ಚುಮರೆಯಿಲ್ಲದೆ ಹೇಳಿದರು. ಎರಡು ವರ್ಷ ಕೂರಿಗೆ ಭತ್ತ ಹಾಕಿ ನೋಡಿದ್ದಾರೆ. ಸಸಿ ಮಡಿ, ನಾಟಿ ಇಲ್ಲದೆ ನೇರ ಬಿತ್ತುವುದು. ನೀರು, ಆಳು ಎರಡೂ ಉಳಿಯಿತು. ಕಳೆ ಮಾತ್ರ ಬಿಡಲಿಲ್ಲ. ಮೂರನೇ ವರ್ಷ ಕಾಲುವೆಯೇ ಕೈಕೊಟ್ಟಿತು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಕೊನೆಗೆ ಅನ್ನ. ಮೂಲೆಯಲ್ಲಿದ್ದ ಅಕ್ಕಿ ಚೀಲದ ಮೇಲೆ ಕಾರಟಗಿ ಅಂತ ಇತ್ತು. ಗೆಳೆಯ ನನ್ನ ಕಡೆ ನೋಡಿದ, ನಾನು ಸಾರು ಕಲಸಿಕೊಂಡೆ.

ಕೈ ತೊಳೆಯುವ ಮೊದಲೇ ಕಾಕಾನ ಫೋನ್ ಬಂತು. ಪಾಳಿ ನೀರು ತೂಬಿಗೆ ಬಂದಿದೆಯಂತೆ. ಮೆಣಸಿನಕಾಯಿಗೆ ಹತ್ತು ದಿನದಿಂದ ಕಾಯುತ್ತಿದ್ದ ನೀರು. ಟವೆಲ್ ತಲೆಗೆ ಸುತ್ತಿ, ಸಲಿಕೆ ಹೆಗಲಿಗೆ ಇಟ್ಟು ಎದ್ದೇಬಿಟ್ಟರು. 'ಬೆಳಿಗ್ಗೆಗೆ ಮತ್ತ ಇರ್ತೈತೋ ಇಲ್ಲೋ' ಅಂದರು. ಬೈಕಿನ ಮೇಲೆ ಅವರನ್ನು ಕೂರಿಸಿಕೊಂಡು ಹೋದೆ, ಗೆಳೆಯ ಬ್ಯಾಟರಿ ಹಿಡಿದು ನಡೆದು ಬಂದ.

ಹೊಲಗಾಲುವೆಯಲ್ಲಿ ನೀರು ಪಾದ ಮುಳುಗುವಷ್ಟಿತ್ತು. ಕಾಕಾ ಬೈಕಿನ ಲೈಟು ಬದುವಿನ ಕಡೆ ತಿರುಗಿಸಲು ಹೇಳಿದರು. ಸಲಿಕೆಯಿಂದ ಎರಡು ಸಲ ಮಣ್ಣು ಎಳೆದು ಮಡಿಗೆ ಬಾಯಿ ಬಿಡಿಸಿದರು. ಒಣ ಎರೆಯ ಬಿರುಕುಗಳಿಗೆ ನೀರು ಇಳಿಯುವಾಗ ಸರ್ ಅನ್ನುವ ಸದ್ದು. ಅವರು ಸಲಿಕೆಯ ಮೇಲೆ ಕೈ ಊರಿ ನಿಂತು ಮುಂದಿನ ಸಾಲು ತುಂಬುವುದನ್ನು ಕಾಯುತ್ತಿದ್ದರು. ನಾನು ಇಂಜಿನ್ ಆಫ್ ಮಾಡದೆ ಲೈಟು ಹಿಡಿದು ಕೂತಿದ್ದೆ.