‘ಏನೂ ಆಗಿಲ್ಲ’ ಅಂದಿದ್ದು ನಾನೇ

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಇನ್ಶೂರೆನ್ಸ್ ಕಂಪನಿಯ ಹುಡುಗ ಫೋನಿನಲ್ಲಿ ಅಂದಿದ್ದು. "ಮೇಡಂ, ಆವತ್ತು ಸ್ಥಳದಲ್ಲಿ ‘ನನಗೇನೂ ಆಗಿಲ್ಲ’ ಅಂತ ನೀವೇ ಹೇಳಿದ್ದೀರಲ್ಲಾ?" ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಕರೆಂಟ್ ಬಿಲ್ಲಿನ ನಂಬರ್ ಓದಿದ ಹಾಗೆ ಓದಿದ.

ಹೌದು, ಹೇಳಿದ್ದೆ. ಯಾಕೆ ಹೇಳಿದೆ ಅನ್ನೋದು ಅವನ ಫೈಲಿನಲ್ಲಿ ಇಲ್ಲ.

ಸಿಗ್ನಲ್‌ನಲ್ಲಿ ನಿಂತಿದ್ದೆ. ಹಿಂದಿನಿಂದ ಬಂದ ಕಾರು ಗುದ್ದಿತು. ಭಾರೀ ಪೆಟ್ಟೇನಲ್ಲ, ಬಂಪರ್ ಒಂದು ಕಡೆ ಒಳಗೆ ಹೋಗಿತ್ತು, ಅಷ್ಟೇ. ಬೈಯೋಣ ಅಂತಲೇ ಬಾಗಿಲು ತೆಗೆದು ಇಳಿದೆ. ಆ ಕಾರಿನಿಂದ ಇಳಿದವರಿಗೆ ಎಪ್ಪತ್ತು ದಾಟಿರಬೇಕು. ಕೈ ಎಷ್ಟು ನಡುಗುತ್ತಿತ್ತೆಂದರೆ ಕೀ ಕೆಳಗೆ ಬಿತ್ತು, ಅದನ್ನು ಎತ್ತಿಕೊಳ್ಳೋಕೂ ಅವರಿಗೆ ಆಗಲಿಲ್ಲ. "ಏನಾದ್ರೂ ಆಯ್ತೇನಮ್ಮಾ?" ಅಂದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ನನಗೇನೂ ಆಗಿಲ್ಲ ಸರ್, ನೀವು ಮೊದಲು ಕೂತ್ಕೊಳ್ಳಿ" ಅಂದೆ. ಬಗ್ಗಿ ಕೀ ಎತ್ತಿಕೊಟ್ಟಿದ್ದೂ ನಾನೇ. ಪುಣ್ಯಕ್ಕೆ ಅದೊಂದನ್ನು ಯಾರೂ ಬರೆದುಕೊಂಡಿಲ್ಲ.

ಅದು ಸುಳ್ಳೂ ಅಲ್ಲ. ಆ ಹೊತ್ತಿಗೆ ನಿಜವಾಗಿಯೂ ಏನೂ ಗೊತ್ತಾಗಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಎಚ್ಚರವಾದಾಗ ದಿಂಬಿನಿಂದ ತಲೆ ಏಳಲಿಲ್ಲ. ಎರಡೂ ಕೈ ತಲೆಯ ಹಿಂದೆ ಕೊಟ್ಟು, ಕಲ್ಲಂಗಡಿ ಎತ್ತಿದ ಹಾಗೆ ನನ್ನ ತಲೆಯನ್ನು ನಾನೇ ಎತ್ತಿ ಕೂರಿಸಿದೆ. ಹಲ್ಲುಜ್ಜಿ ಉಗಿಯೋಕೆ ಬಗ್ಗಿದರೆ ಕುತ್ತಿಗೆಯ ಬುಡದಿಂದ ಭುಜದವರೆಗೆ ಯಾರೋ ಹಗ್ಗ ಜಗ್ಗಿದ ಹಾಗೆ. ನೇರವಾಗಿ ನಿಂತೇ ಉಗಿದೆ, ಅರ್ಧ ಮೈಮೇಲೆ ಬಿತ್ತು.

ಡಾಕ್ಟರ್ ಒಳ್ಳೆಯವರು, ಅವಸರ ಇಲ್ಲದವರು. ಬೆರಳು ಜೋಮು ಹಿಡಿಯುತ್ತಾ, ಕೈಯಲ್ಲಿ ಶಕ್ತಿ ಕಡಿಮೆ ಆಗಿದೆಯಾ ಅಂತ ಕೇಳಿದರು. ಎಡಕ್ಕೂ ಬಲಕ್ಕೂ ನಲವತ್ತೈದು ಡಿಗ್ರಿ ತಿರುಗಿಸಿ ನೋಡಿ ಅಂದರು. ಬಲಕ್ಕೆ ಹೋಯಿತು, ಎಡಕ್ಕೆ ಅರ್ಧ ದಾರಿಯಲ್ಲೇ ನಿಂತಿತು. ಎಕ್ಸ್‌ರೇ ನಾರ್ಮಲ್. ಮೂಳೆ ಮುರಿದಿದ್ದರೆ ಎಕ್ಸ್‌ರೇ ಹೇಳುತ್ತೆ, ಸ್ನಾಯು, ಅಸ್ಥಿರಜ್ಜು ಜಗ್ಗಿಹೋಗಿದ್ದನ್ನು ಅದು ಹೇಳಲ್ಲ ಅಂದರು. ನಮ್ಮ ತಲೆ ನಾಲ್ಕೂವರೆ, ಐದು ಕೆಜಿ ಇರುತ್ತದಂತೆ. ಹಿಂದಿನಿಂದ ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತೆ, ತಲೆ ಇದ್ದಲ್ಲೇ ಉಳಿಯುತ್ತೆ, ನಡುವೆ ಸಿಕ್ಕಿಕೊಂಡ ಏಳು ಕುತ್ತಿಗೆ ಮೂಳೆಗಳು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಹಾವಿನ ಹಾಗೆ ಬಾಗುತ್ತವೆ. ಕುತ್ತಿಗೆ ಬಿಗಿ ಹಿಡಿಯೋಣ ಅನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಸೀಟಿನ ತಲೆಯಾನಿಕೆಯ ಮೇಲ್ತುದಿ ನೆತ್ತಿಯ ಮಟ್ಟಕ್ಕೆ ಇರಬೇಕಂತೆ. ನನ್ನದು ಕಾರು ತಗೊಂಡ ದಿನದಿಂದ ಪೂರ್ತಿ ಕೆಳಗೇ ಇತ್ತು. ಅದನ್ನು ಎತ್ತಬಹುದು ಅನ್ನೋದೇ ನನಗೆ ಹೊಳೆದಿರಲಿಲ್ಲ.

ಚೀಟಿಯಲ್ಲಿ ‘ವಿಪ್‌ಲ್ಯಾಶ್, ಗ್ರೇಡ್ 2’ ಅಂತ ಬರೆದರು. ತಲೆ ಹೀಗೆ ಬೀಸಿಹೋಗಿ ಕುತ್ತಿಗೆಗೆ ಆಗುವ ಏಟಿಗೇ ವಿಪ್‌ಲ್ಯಾಶ್ ಅನ್ನೋದು. ಗ್ರೇಡ್ ಅನ್ನೋದು 1995ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ತಜ್ಞರ ಗುಂಪೊಂದು ಮಾಡಿದ ವರ್ಗೀಕರಣ. ನೋವಿನ ಜೊತೆ ಕುತ್ತಿಗೆ ತಿರುಗದೇ ಇದ್ದರೆ, ಮುಟ್ಟಿದರೆ ನೋಯುವ ಜಾಗ ಇದ್ದರೆ 2. ನರಕ್ಕೆ ತೊಂದರೆ ಆದ ಲಕ್ಷಣ ಕಂಡರೆ 3. ಮೂಳೆ ಮುರಿದರೆ, ಜಾರಿದರೆ 4. ಕುತ್ತಿಗೆಗೆ ಕಟ್ಟುವ ಪಟ್ಟಿ, ಕಾಲರ್ ಕೊಡಿ ಅಂತ ನಾನೇ ಕೇಳಿದೆ. ಬೇಡವೇ ಬೇಡ, ಆಡಿಸ್ತಾ ಇದ್ದರೆ ಬೇಗ ಸರಿಹೋಗುತ್ತೆ, ಕಟ್ಟಿಟ್ಟರೆ ಇನ್ನೂ ಬಿಗಿಯುತ್ತೆ ಅಂದರು.

ಈಗ ಸೋಮವಾರದ ಫೋನಿಗೆ ಬನ್ನಿ. ‘ಏನೂ ಆಗಿಲ್ಲ’ದ ನಂತರ ಆ ಹುಡುಗ ಕೇಳಿದ ಎರಡನೇ ಪ್ರಶ್ನೆ ಏನು ಗೊತ್ತಾ? "ಕಾಲರ್ ಹಾಕ್ಕೊಂಡಿಲ್ವಾ ಮೇಡಂ?"

ಇಲ್ಲ ಅಂದೆ. ಆ ಕಡೆ ಕೀಬೋರ್ಡ್ ಸದ್ದು. ಅಂದರೆ ಡಾಕ್ಟರ್ ಹೇಳಿದ್ದನ್ನು ಸರಿಯಾಗಿ ಪಾಲಿಸಿದ್ದಕ್ಕೆ ನನ್ನ ನೋವು ಒಂದು ಮೆಟ್ಟಿಲು ಕೆಳಗಿಳಿಯಿತು. ಆಮೇಲೆ ಒಂದು ಮೊತ್ತ ಹೇಳಿದ. ಒಪ್ಪಿದರೆ ಇವತ್ತೇ ಫಾರಂ ಕಳಿಸ್ತೀನಿ, ಸಹಿ ಹಾಕಿದರೆ ಮುಗೀತು ಅಂದ. ಮುಗೀತು ಅನ್ನೋದೇ ತೊಂದರೆ. ‘ಪೂರ್ಣ ಮತ್ತು ಅಂತಿಮ’ ಅಂತ ಬರೆದ ಕಾಗದಕ್ಕೆ ಸಹಿ ಹಾಕಿದ ಮೇಲೆ ನಾಳೆ ಬೆರಳು ಜೋಮು ಹಿಡಿದರೂ ಮತ್ತೆ ಕೇಳೋಕೆ ಹೋಗುವಂತಿಲ್ಲ. ಹೆಚ್ಚಿನವರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ವಾಸಿಯಾಗುತ್ತೆ, ಆದರೆ ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತೆ. ನಾನು ಯಾವ ಗುಂಪು ಅಂತ ಹತ್ತನೇ ದಿನಕ್ಕೆ ಹೇಗೆ ಹೇಳಲಿ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಿಂದ ವೈದ್ಯಕೀಯ ವರದಿ ಕೈಗೆ ಬರುವ ಮೊದಲು ಇಂಥ ಇತ್ಯರ್ಥದ ಮಾತೇ ಆಡುವಂತಿಲ್ಲ. ಅದೇ ಕಾನೂನು ವಿಪ್‌ಲ್ಯಾಶ್‌ಗೆ ಸಿಗುವ ದುಡ್ಡನ್ನೂ ತಿಂಗಳ ಲೆಕ್ಕಕ್ಕೆ ಕಟ್ಟಿಹಾಕಿದೆ ಅನ್ನೋದು ಬೇರೆ ಮಾತು.

ಹುಡುಗನ ಕಡೆಯಿಂದಲೂ ನೋಡಿದೆ. ಕೆನಡಾದ ಸಸ್ಕಾಚೆವಾನ್‌ನಲ್ಲಿ 1995ರಲ್ಲಿ, ತಪ್ಪು ಯಾರದ್ದೇ ಇರಲಿ ನಿಗದಿತ ಪರಿಹಾರ, ನೋವು ಸಂಕಟಕ್ಕೆ ಅಂತ ಬೇರೆ ದುಡ್ಡಿಲ್ಲ ಅಂತ ನಿಯಮ ಬದಲಾಯಿಸಿದ ಮೇಲೆ ವಿಪ್‌ಲ್ಯಾಶ್ ಕ್ಲೇಮುಗಳು ಕಾಲುಭಾಗಕ್ಕಿಂತ ಜಾಸ್ತಿ ಕಡಿಮೆಯಾದವು. ಹಾಗಾದರೆ ಅನುಮಾನ ಪಡೋದು ತಪ್ಪಾ? ತಪ್ಪಲ್ಲ. ಆದರೆ ಬಾಕಿ ಮುಕ್ಕಾಲು ಭಾಗದ ಜನರಲ್ಲಿ ನಾನೂ ಇರಬಹುದು ಅಂತ ಅವನಿಗೆ ಅನ್ನಿಸಬೇಕಲ್ವಾ?

ಫಿಸಿಯೋಥೆರಪಿಗೆ ಬರುವ ಒಬ್ಬರ ಕಥೆ ಇನ್ನೂ ಚೆನ್ನಾಗಿದೆ. ಅವರಿಗೆ ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದ್ದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತೆ. ಅಬ್ಬಾ, ನಿಮ್ಮ ಹತ್ತಿರ ಚಿತ್ರವಾದರೂ ಇದೆ ಅಂದೆ. ನಕ್ಕರು. "ಅದು ವಯಸ್ಸಿನ ಸವೆತ, ಮೊದಲೇ ಇತ್ತು ಅಂತಾರೆ." ಅದೂ ಪೂರ್ತಿ ಸುಳ್ಳಲ್ಲ ನೋಡಿ. ನೋವೇ ಇಲ್ಲದವರ ಎಂಆರ್‌ಐಯಲ್ಲೂ ಉಬ್ಬಿದ ಡಿಸ್ಕ್ ಸಿಗುತ್ತೆ. ಆದರೆ ಗುದ್ದುವ ದಿನದವರೆಗೆ ಆ ಮನುಷ್ಯ ಮೂಟೆ ಹೊರುತ್ತಿದ್ದ, ಈಗ ಅಂಗಿ ಗುಂಡಿ ಹಾಕೋಕೆ ಬೆರಳು ಬರಲ್ಲ. ಚಿತ್ರ ಇಲ್ಲದಿದ್ದರೆ ಏಟೇ ಇಲ್ಲ, ಚಿತ್ರ ಇದ್ದರೆ ಹಳೇದು.

ವಿಪ್‌ಲ್ಯಾಶ್ ಅನ್ನುವ ಹೆಸರನ್ನು ಬಳಕೆಗೆ ತಂದವರು ಹೆರಾಲ್ಡ್ ಕ್ರೋ ಅನ್ನುವ ಅಮೆರಿಕದ ಮೂಳೆ ವೈದ್ಯರು, 1928ರಲ್ಲಿ. ತಲೆ ಚಾವಟಿಯ ಹಾಗೆ ಬೀಸಿಹೋಗುವ ಚಲನೆಗೆ ಅವರು ಆ ಪದ ಬಳಸಿದ್ದು. ಜನ, ಡಾಕ್ಟರು, ವಕೀಲರು ಸೇರಿ ಅದನ್ನೇ ಕಾಯಿಲೆಯ ಹೆಸರು ಮಾಡಿಬಿಟ್ಟರು ಅಂತ ಆಮೇಲೆ ಅವರೇ ಬೇಜಾರು ಮಾಡಿಕೊಂಡರಂತೆ. ಒಂದು ಮಾತು ಬಾಯಿಂದ ಹೊರಬಿದ್ದು ಬೇರೆಯವರ ಫೈಲು ಸೇರಿದ ಮೇಲೆ ಅದು ನಮ್ಮದಲ್ಲ, ಪಾಪ, ಅವರಿಗೂ.

ಇನ್ನೊಂದು ಹೇಳಿಬಿಡ್ತೀನಿ, ಇಲ್ಲದಿದ್ದರೆ ನಿದ್ದೆ ಬರಲ್ಲ. ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಒಬ್ಬ ಹುಡುಗ ಇಂಥದ್ದೇ ಆಕ್ಸಿಡೆಂಟ್ ಆಗಿ ಒಂದು ತಿಂಗಳು ರಜೆ ಹಾಕಿದ್ದ. ವಾಪಸ್ ಬಂದಾಗ ನೋಡೋಕೆ ಚೆನ್ನಾಗೇ ಇದ್ದ. ಕರೆದರೆ ಮಾತ್ರ ಕುತ್ತಿಗೆ ತಿರುಗಿಸುತ್ತಿರಲಿಲ್ಲ, ಇಡೀ ಕುರ್ಚಿಯೇ ತಿರುಗುತ್ತಿತ್ತು. ಕ್ಯಾಂಟೀನಿನಲ್ಲಿ ನಾವು ಅದನ್ನು ಮಾಡಿ ತೋರಿಸಿ ನಗುತ್ತಿದ್ದೆವು. ಕ್ಲೇಮು ಬರುವ ತನಕ ಹೀಗೇ ಅಂದವಳು ನಾನು. ಎಕ್ಸ್‌ರೇ ನೋಡದೇ, ಕೀಬೋರ್ಡೂ ಇಲ್ಲದೇ.

ಬುಧವಾರ ಅವನಿಗೆ ಫೋನ್ ಮಾಡಿದೆ. ಹಳೇದರ ಸುದ್ದಿ ಎತ್ತೋಣ ಅಂತ ಇದ್ದೆ, ಅವನು ಬಿಡಲೇ ಇಲ್ಲ. "ದಿಂಬು ಬದಲಾಯಿಸಿದ್ರಾ ಮೇಡಂ? ತೆಳ್ಳಗಿನದು ತಗೊಳ್ಳಿ. ಮತ್ತೆ ದಿನಾ ಬರೆದಿಡಿ, ತಾರೀಕು ಹಾಕಿ. ನೋವು ಅಂತ ಬರೀಬೇಡಿ, ಏನು ಮಾಡೋಕೆ ಆಗಲಿಲ್ಲ ಅಂತ ಬರೀರಿ. ಥೆರಪಿ ಒಂದು ದಿನಾನೂ ತಪ್ಪಿಸಬೇಡಿ, ತಪ್ಪಿಸಿದರೆ ವಾಸಿಯಾಯ್ತು ಅಂತ ಬರ್ಕೊಳ್ತಾರೆ."

ಫಾರಂ ಮೇಜಿನ ಮೇಲೆ ಹಾಗೇ ಇದೆ. ಪಕ್ಕದಲ್ಲಿ ಹೊಸ ನೋಟ್‌ಬುಕ್. ಇವತ್ತಿಂದು ಬರೆದಾಯಿತು: ಹದಿಮೂರನೇ ದಿನ. ರಿವರ್ಸ್ ತೆಗೆಯುವಾಗ ಎಡಗಡೆ ನೋಡೋಕೆ ಆಗಲಿಲ್ಲ, ವಾಚ್‌ಮನ್ ಕೈ ತೋರಿಸಿದರು. ಮೇಲಿನ ಶೆಲ್ಫಿನ ಡಬ್ಬಿ ಅಕ್ಕ ಇಳಿಸಿಕೊಟ್ಟಳು. ಹಲ್ಲುಜ್ಜುವಾಗ ಸ್ವಲ್ಪ ಬಗ್ಗಿದೆ.