ಎಫ್ ಕೀ ಕೈಕೊಟ್ಟರೆ ಒತ್ತಕ್ಷರವೇ ಇಲ್ಲ

ಲ್ಯಾಪ್‌ಟಾಪಿನಲ್ಲಿ ಬೇರೆ ಯಾವ ಅಕ್ಷರ ಕೆಟ್ಟರೂ ಕನ್ನಡ ಬರೆಯುವವರು ಹೇಗೋ ಒಂದಷ್ಟು ಹೊತ್ತು ದೂಡಬಹುದು. ಎಫ್ ಕೆಟ್ಟರೆ ಆಗುವುದಿಲ್ಲ. ಕೆ.ಪಿ. ರಾವ್ ಅವರ ಕಗಪ ಕೀಬೋರ್ಡ್ ವಿನ್ಯಾಸದಲ್ಲಿ, ಅದನ್ನೇ ಅನುಸರಿಸುವ ನುಡಿ ತಂತ್ರಾಂಶದಲ್ಲಿ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರದ ಚಿಹ್ನೆ ಇರುವುದು ಎಫ್ ಮೇಲೆ. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತಬೇಕು. ಎಫ್ ಇಲ್ಲದಿದ್ದರೆ ಪರದೆಯ ಮೇಲೆ ಬರುವುದು ‘ಅಕಕ’. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲಿ ಆ ಚಿಹ್ನೆ ಡಿ ಮೇಲಿದೆ ನಿಜ, ಆದರೆ ಒಂದು ಕೀಗಾಗಿ ಕೈಗೆ ಕೂತ ವಿನ್ಯಾಸವನ್ನೇ ಬದಲಿಸಿ ಎಂದು ನಾನು ಯಾರಿಗೂ ಹೇಳಲಾರೆ.

ಕೀಕ್ಯಾಪ್ (ಕೀಯ ಮೇಲಿನ ಮುಚ್ಚಳ) ಕಿತ್ತು ನೋಡುವ ಮೊದಲು ದೋಷ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಅನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಶುರುವಾಗುತ್ತದೆ. ಆಮೇಲೆ ಬೇಗ ಬೇಗ ಒತ್ತಿದ ಕೀಗಳು ಮೂಡುವುದೇ ಇಲ್ಲ, ಕೀಬೋರ್ಡ್ ಸತ್ತಂತೆ ಕಾಣುತ್ತದೆ. ಅದನ್ನು ಆಫ್ ಮಾಡಿ ನೋಡಿ. ಬಳಿಕ ವಿಂಡೋಸ್, ಕಂಟ್ರೋಲ್, ಓ ಒಟ್ಟಿಗೆ ಒತ್ತಿ ಪರದೆಯ ಕೀಬೋರ್ಡ್ ತೆರೆಯಿರಿ. ನೀವು ಒತ್ತಿದ ಕೀ ಅಲ್ಲಿ ಬಣ್ಣ ಬದಲಿಸುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿದಾಗಲೂ ಎಫ್ ಬರದಿದ್ದರೆ ತೊಂದರೆ ಹಾರ್ಡ್‌ವೇರಿನದೇ.

ಕೀಗಳ ಕೆಳಗಿರುವುದು ಅಡ್ಡಸಾಲು, ಲಂಬಸಾಲುಗಳ ಜಾಲ. ಎಫ್ ಒಂದೇ ಹೋಗಿದ್ದರೆ ಕಸ, ಕೀಯ ಅಡಿಯ ಪುಟ್ಟ ರಬ್ಬರ್ ಗುಮ್ಮಟ (ಡೋಮ್) ಅಥವಾ ಆ ಬಿಂದುವಿನ ಸಂಪರ್ಕವನ್ನು ಅನುಮಾನಿಸಿ. ಅಕ್ಕಪಕ್ಕದಲ್ಲಿಲ್ಲದ ನಾಲ್ಕೈದು ಕೀಗಳು ಒಟ್ಟಿಗೆ ಹೋಗಿದ್ದರೆ ಒಂದು ಇಡೀ ಸಾಲಿನ ಗೆರೆ ಕಡಿದಿದೆ, ಇಲ್ಲವೇ ಕೀಬೋರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್ ಸಡಿಲವಾಗಿದೆ. ಅಲ್ಲಿ ಮೇಲಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಕೀಬೋರ್ಡ್ ನಡುವೆ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಚಾರ್ಜರ್ ತೆಗೆದು ಮಷೀನ್ ಆಫ್ ಮಾಡಿ. ಬ್ಯಾಟರಿ ಊದಿಕೊಂಡಿರುವ ಸಂಭವವೇ ಹೆಚ್ಚು. ಅದನ್ನು ಒತ್ತಬೇಡಿ, ಚುಚ್ಚಬೇಡಿ. ಬ್ಯಾಟರಿ ಬದಲಾಗುವವರೆಗೆ ಉಳಿದ ಕೆಲಸವೆಲ್ಲ ನಿಲ್ಲಲಿ.

ಒಂದೇ ಕೀ ಆಗಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿ, ಓರೆಯಾಗಿ ಹಿಡಿದು ಕೀಯ ಸುತ್ತ ಗಾಳಿ ಹೊಡೆಯಿರಿ. ಗಾಳಿಯ ಡಬ್ಬಿ ನೇರವಾಗಿರಲಿ, ತಲೆಕೆಳಗು ಮಾಡಿದರೆ ದ್ರವವೇ ಚಿಮ್ಮುತ್ತದೆ. ಸರಿಹೋಗದಿದ್ದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯಿಂದ ಕೀಕ್ಯಾಪ್‌ನ ಒಂದು ಮೂಲೆಯನ್ನು ಮೆಲ್ಲನೆ ಎತ್ತಿ. ಅಡಿಯಲ್ಲಿ ಕತ್ತರಿಯಾಕಾರದ ಎರಡು ಸಣ್ಣ ಚೌಕಟ್ಟುಗಳಿರುತ್ತವೆ. ಅವುಗಳ ಒಂದು ಬದಿ ಚಿಟಕ್ಕನೆ ಕೂರುವಂಥದ್ದು, ಇನ್ನೊಂದು ಬದಿ ಜಾರಿ ಸೇರುವಂಥದ್ದು. ಜಾರುವ ಕಡೆಯಿಂದ ಎಳೆದರೆ ಕೊಕ್ಕೆ ಮುರಿಯುತ್ತದೆ. ಯಾವ ಬದಿ ಯಾವುದು ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಅದಕ್ಕೇ ಮೊದಲು ಮೂಲೆ. ಸ್ಪೇಸ್, ಎಂಟರ್, ಶಿಫ್ಟ್‌ಗಳಿಗೆ ಸಾಮಾನ್ಯವಾಗಿ ತಂತಿಯೂ ಇರುವುದರಿಂದ ಅವನ್ನು ಮುಟ್ಟದಿರುವುದೇ ಲೇಸು. 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ.

ಚಹಾ, ಕಾಫಿ ಚೆಲ್ಲಿದ ಕೀಬೋರ್ಡಿಗೆ ಈ ಉಪಾಯ ನಡೆಯುವುದು ಕಷ್ಟ. ಸಂಪರ್ಕ ಬಿಂದು ಇರುವುದು ಡೋಮ್‌ನ ಕೆಳಗೆ, ಒಂದರ ಮೇಲೊಂದು ಅಂಟಿಸಿದ ಪ್ಲಾಸ್ಟಿಕ್ ಹಾಳೆಗಳ ನಡುವೆ. ಸಕ್ಕರೆ ನೀರು ಅಂಚಿನಿಂದ ಅಲ್ಲಿಗೆ ಇಳಿಯುತ್ತದೆ, ಹತ್ತಿಕಡ್ಡಿ ಇಳಿಯುವುದಿಲ್ಲ.

ಹೊಸ ಕೀಬೋರ್ಡ್ ಸಿಗುವವರೆಗೆ ಹೇಗೆ? ಕ್ಯಾಪ್ಸ್ ಲಾಕ್ ಅನ್ನೇ ಎಫ್ ಮಾಡಿಕೊಳ್ಳಿ. ಎಡಗೈ ಕಿರುಬೆರಳಿನ ಪಕ್ಕದಲ್ಲೇ ಇದೆ, ಕಗಪ ಬರೆಯುವಾಗ ಅದರ ಅಗತ್ಯವೂ ಇಲ್ಲ. ಶಾರ್ಪ್‌ಕೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಆ್ಯಡ್ ಒತ್ತಿ, ಎಡಪಟ್ಟಿಯಲ್ಲಿ ಕ್ಯಾಪ್ಸ್ ಲಾಕ್, ಬಲಪಟ್ಟಿಯಲ್ಲಿ ಎಫ್ ಆರಿಸಿ, ರೈಟ್ ಟು ರಿಜಿಸ್ಟ್ರಿ ಕೊಟ್ಟು ರೀಸ್ಟಾರ್ಟ್ ಮಾಡಿ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ತಂತ್ರಾಂಶದಲ್ಲೂ ಕೀ ಬದಲಿಸಬಹುದು, ಆದರೆ ಅದು ಲಾಗಿನ್ ಪರದೆಯಲ್ಲಿ ಕೆಲಸ ಮಾಡುವುದಿಲ್ಲ. ಪಾಸ್‌ವರ್ಡಿನಲ್ಲಿ ಎಫ್ ಇದ್ದರೆ ಹೊರಗೇ ನಿಲ್ಲಬೇಕಾಗುತ್ತದೆ. ಶಾರ್ಪ್‌ಕೀಸ್ ರಿಜಿಸ್ಟ್ರಿಯಲ್ಲಿ ಬರೆಯುವ ಕೀ ಬದಲಾವಣೆಯ ಪಟ್ಟಿ (ಸ್ಕ್ಯಾನ್‌ಕೋಡ್ ಮ್ಯಾಪ್) ಲಾಗಿನ್‌ಗಿಂತ ಮೊದಲೇ ಜಾರಿಯಾಗುತ್ತದೆ.

ಎಫ್ ಸಾಯುವ ಬದಲು ತಾನೇ ತಾನಾಗಿ ಒತ್ತಿಕೊಳ್ಳುತ್ತಿದ್ದರೆ ಇನ್ನೊಂದು ಸಾಲು ಸೇರಿಸಿ: ಎಡದಲ್ಲಿ ಎಫ್, ಬಲದಲ್ಲಿ ಟರ್ನ್ ಕೀ ಆಫ್. ಕ್ಯಾಪ್ಸ್ ಲಾಕಿನ ಎಫ್‌ಗೆ ಇದರಿಂದ ಧಕ್ಕೆಯಿಲ್ಲ. ಆದರೆ ಈ ಮ್ಯಾಪ್ ಲ್ಯಾಪ್‌ಟಾಪಿಗೆ ಸೇರಿಸಿದ ಎಲ್ಲ ಕೀಬೋರ್ಡುಗಳಿಗೂ ಅನ್ವಯಿಸುತ್ತದೆ. ಹೊರಗಿನ ಯುಎಸ್‌ಬಿ ಕೀಬೋರ್ಡಿನ ಎಫ್ ಕೂಡ ಸುಮ್ಮನಾಗುತ್ತದೆ, ಅದು ಕೆಟ್ಟಿತೆಂದು ಅಂಗಡಿಗೆ ಹಿಂತಿರುಗಿಸಲು ಹೋಗಬೇಡಿ. ಲಿನಕ್ಸ್‌ನಲ್ಲಿ ಕೀ ಬದಲಿಸುವ ಕೀಡಿ (keyd) ತಂತ್ರಾಂಶದಲ್ಲಿ ಬದಲಾವಣೆಯನ್ನು ಒಂದೇ ಕೀಬೋರ್ಡಿಗೆ ಸೀಮಿತಗೊಳಿಸಬಹುದು. ಈ ವಿಷಯದಲ್ಲಿ ಅದೇ ಮೇಲು.

ಬದಲಿ ಕೀಬೋರ್ಡ್ ಕೊಳ್ಳುವಾಗ ಲ್ಯಾಪ್‌ಟಾಪಿನ ಮಾಡೆಲ್ ಹೆಸರೊಂದನ್ನೇ ನಂಬಬೇಡಿ. ಹಳೆಯದನ್ನು ಬಿಚ್ಚಿ, ಹಿಂಬದಿಯ ಚೀಟಿಯ ಪಾರ್ಟ್ ನಂಬರ್, ರಿಬ್ಬನ್ ಹೊರಡುವ ಜಾಗ, ಬ್ಯಾಕ್‌ಲೈಟಿನ ಎರಡನೇ ರಿಬ್ಬನ್ ಇದೆಯೇ ಎಂಬುದರ ಫೋಟೋ ತೆಗೆದುಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೋ ನಿಮ್ಮೂರಿನ ಅಂಗಡಿಗೋ ಹೋಗಿ. ಹಳೆಯ ಎಷ್ಟೋ ಮಾಡೆಲ್‌ಗಳಲ್ಲಿ ಕೆಲವು ಸ್ಕ್ರೂ ತೆಗೆದರೆ ಕೀಬೋರ್ಡ್ ಕೈಗೆ ಬರುತ್ತದೆ. ಹೊಸ ತೆಳು ಲ್ಯಾಪ್‌ಟಾಪುಗಳಲ್ಲಿ ಹಲವು ಕಡೆ ಅದನ್ನು ಮೇಲಿನ ಕವಚಕ್ಕೆ ಪ್ಲಾಸ್ಟಿಕ್ ಮೊಳೆ ಕರಗಿಸಿ ಕೂರಿಸಿರುತ್ತಾರೆ. ಅಂಥದ್ದಕ್ಕೆ ಇಡೀ ಕವಚವನ್ನೇ ಬದಲಿಸುವುದು ಗಟ್ಟಿ ಕೆಲಸ. ರಿಬ್ಬನ್ ಸೇರಿಸುವಾಗ ಕನೆಕ್ಟರಿನ ಚಿಲಕವನ್ನು ಉಗುರಿನಿಂದ ಮೇಲೆತ್ತಿ, ರಿಬ್ಬನ್ ನೇರವಾಗಿ ಕೊನೆಯವರೆಗೆ ಹೋಗಿದೆಯೇ ನೋಡಿ ಚಿಲಕ ಹಾಕಿ. ಕವಚ ಮುಚ್ಚುವ ಮೊದಲೇ ಪ್ರತಿ ಕೀಯನ್ನೂ ಒತ್ತಿ ಪರೀಕ್ಷಿಸಿ. ಹಾಗೆಯೇ ಶಾರ್ಪ್‌ಕೀಸ್‌ನ ಸಾಲುಗಳನ್ನು ಅಳಿಸಿ ರೀಸ್ಟಾರ್ಟ್ ಮಾಡಿ, ಇಲ್ಲವಾದರೆ ಆಫ್ ಮಾಡಿಟ್ಟ ಎಫ್ ಹೊಸ ಕೀಬೋರ್ಡಿನಲ್ಲೂ ಬರುವುದಿಲ್ಲ.