ಅಜ್ಜಿ ಮನೆಯ ಎಮ್ಮೆಯ ಹೆಸರು

ರೈಲು ಹೊರಟಾಗ ನನ್ನ ಒಂದು ಕೈಯಲ್ಲಿ ನೀರಿನ ಬಾಟಲಿಯೂ ಇನ್ನೊಂದು ಕೈಯಲ್ಲಿ ಐದು ರೂಪಾಯಿಯ ನಾಣ್ಯವೂ ಇದ್ದವು. 2025ರ ಜುಲೈ ತಿಂಗಳ ಕೊನೆಯ ಭಾನುವಾರ, ಬೆಂಗಳೂರಿನ ಮಗನ ಮನೆಯಿಂದ ಶಿವಮೊಗ್ಗಕ್ಕೆ ಮರಳುತ್ತಿದ್ದವಳು ಅರಸೀಕೆರೆ ಜಂಕ್ಷನ್ನಿನಲ್ಲಿ ನೀರು ಕೊಳ್ಳಲೆಂದು ಇಪ್ಪತ್ತು ರೂಪಾಯಿಯ ನೋಟೊಂದನ್ನು ಮಾತ್ರ ಹಿಡಿದು ಇಳಿದಿದ್ದೆ. ಫೋನು ಸೀಟಿನ ಪಕ್ಕದಲ್ಲಿ ಚಾರ್ಜಿಗೆ ಕುಳಿತಿತ್ತು, ಪರ್ಸು ಬ್ಯಾಗಿನೊಳಗಿತ್ತು. ಅಂಗಡಿಯವನು ಚಿಲ್ಲರೆ ಹುಡುಕುತ್ತಿದ್ದಾಗಲೇ ರೈಲು ಜಾರತೊಡಗಿತು. ಹಿಂದೆಲ್ಲ ಎಂಜಿನ್ನು ಕೂಗಿ, ಒಮ್ಮೆ ಜಗ್ಗಿ, ಆಮೇಲೆ ಹೊರಡುತ್ತಿತ್ತು. ಈಗಿನ ವಿದ್ಯುತ್ ಎಂಜಿನ್ನು ಯಾರಿಗೂ ಹೇಳದೆ ಹೊರಟುಬಿಡುತ್ತದೆ. ಐವತ್ತೆಂಟು ವರ್ಷದವಳು ಸೀರೆಯುಟ್ಟು ಚಲಿಸುವ ರೈಲಿನ ಹಿಂದೆ ಓಡಬಾರದು ಎಂಬಷ್ಟು ವಿವೇಕ ಆ ಕ್ಷಣದಲ್ಲಿ ನನಗಿತ್ತು. ಆ ದಿನ ನಾನು ಯೋಚಿಸಿ ಮಾಡಿದ ಒಳ್ಳೆಯ ಕೆಲಸ ಬಹುಶಃ ಅದೊಂದೇ.

ನೇರವಾಗಿ ಸ್ಟೇಷನ್ ಮಾಸ್ಟರರ ಕೋಣೆಗೆ ಹೋದೆ. ಇಂಥ ಹೊತ್ತಿನಲ್ಲಿ ಮೊದಲು ಅಲ್ಲಿಗೇ ಹೋಗಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸಮವಸ್ತ್ರದಲ್ಲಿರುವವರ ಮುಂದೆ ಅಳಬಹುದು, ಅಪರಿಚಿತರ ಮುಂದೆ ಅಳಬಾರದು ಎಂಬ ಹಳೆಯ ಸಂಕೋಚವೇ ನನ್ನನ್ನು ಅತ್ತ ನಡೆಸಿತು. ಅವರು ಪಿಎನ್‌ಆರ್ ಸಂಖ್ಯೆ ಕೇಳಿದರು. ಅದು ಹತ್ತು ಅಂಕಿಯ ಸಂಖ್ಯೆ, ಫೋನಿಗೆ ಬಂದ ಸಂದೇಶದಲ್ಲಿದೆ, ಫೋನು ಕಡೂರಿನ ದಾರಿಯಲ್ಲಿದೆ. "ಹೋಗಲಿ, ಬೋಗಿ ಯಾವುದು, ಸೀಟ್ ನಂಬರ್ ಎಷ್ಟು?" ಎಂದರು. ಡಿ-3, ನಲವತ್ತೇಳು, ಕಿಟಕಿಯ ಪಕ್ಕ ಎಂದು ಥಟ್ಟನೆ ಹೇಳಿದೆ. ಹತ್ತುವಾಗ ಆ ಸೀಟಿನಲ್ಲಿ ಇನ್ನೊಬ್ಬರು ಕುಳಿತಿದ್ದು, ಅವರೊಂದಿಗೆ ಐದು ನಿಮಿಷ ಜಗಳವಾಡಿದ್ದರಿಂದ ಸಂಖ್ಯೆ ನಾಲಿಗೆಯ ತುದಿಯಲ್ಲೇ ಇತ್ತು. ಹೆಸರು, ಬೋಗಿ, ಸೀಟು ಇಷ್ಟು ತಿಳಿದರೆ ರೈಲಿನಲ್ಲಿರುವ ಟಿಕೆಟ್ ತಪಾಸಕರಿಗೆ ಸುದ್ದಿ ಮುಟ್ಟಿಸಲು ಸಾಕಾಗುತ್ತದೆ ಎಂದು ಅವರು ಹೇಳಿ ಫೋನ್ ಎತ್ತಿಕೊಂಡರು. ಸ್ಟೇಷನ್ನೇ ಹತ್ತಿರವಿಲ್ಲದಿದ್ದರೆ ಯಾರದಾದರೂ ಫೋನಿನಿಂದ 139ಕ್ಕೆ ಕರೆ ಮಾಡಿಯೂ ಇದನ್ನೇ ಹೇಳಬಹುದು. ಅರ್ಧ ಗಂಟೆಗೂ ಹೆಚ್ಚು ಕಾಲ ನಾನು ಬೆಂಚಿನ ಮೇಲೆ ಕುಳಿತು ಗೋಡೆಯ ಗಡಿಯಾರ ನೋಡಿದೆ. ಕೊನೆಗೆ ಕಡೂರಿನಿಂದ ಉತ್ತರ ಬಂತು: ಬ್ಯಾಗು ಸೀಟಿನಲ್ಲೇ ಇದೆ, ಫೋನನ್ನು ಎದುರು ಸೀಟಿನ ಹೆಂಗಸೊಬ್ಬರು ಕಿತ್ತು ಬ್ಯಾಗಿನೊಳಗೆ ಇಟ್ಟಿದ್ದಾರೆ, ಎರಡನ್ನೂ ಶಿವಮೊಗ್ಗದಲ್ಲಿ ರೈಲ್ವೆ ರಕ್ಷಣಾ ಪಡೆಯವರಿಗೆ ಒಪ್ಪಿಸುತ್ತಾರೆ.

ಇನ್ನು ಉಳಿದದ್ದು ನಾನು. ಶಿವಮೊಗ್ಗ ಅಲ್ಲಿಂದ ಸುಮಾರು ನೂರು ಕಿಲೋಮೀಟರ್.

ಇಲ್ಲಿ ನಾನು ನನ್ನ ಜಂಬವೊಂದನ್ನು ಒಪ್ಪಿಕೊಳ್ಳಬೇಕು. ಸ್ಟೇಷನ್ನಿನಲ್ಲಿ ಯಾರಾದರೂ ನೂರಿನ್ನೂರು ರೂಪಾಯಿ ಕೊಡುತ್ತಿದ್ದರೋ ಏನೋ, ನಾನು ಕೇಳಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾಗಿರುವಾಗ ಹಣವೇ ಬೇಡವಲ್ಲ ಎಂದು ಹೆಮ್ಮೆಯಿಂದ ಬಸ್ ನಿಲ್ದಾಣಕ್ಕೆ ನಡೆದೆ. ಶಿವಮೊಗ್ಗದ ಬಸ್ಸು ನಿಂತಿತ್ತು, ಕಂಡಕ್ಟರ್ ಬಂದು ಆಧಾರ್ ಕೇಳಿದರು, ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ನಂಬಿದರು, ಅದೇ ಕಷ್ಟವಾದದ್ದು. "ನೀವು ಹೇಳೋದು ನಿಜವೇ ಇರಬಹುದು ಅಮ್ಮ, ಆದರೆ ದಾರಿಯಲ್ಲಿ ಚೆಕಿಂಗ್‌ನವರು ಹತ್ತಿ ಕಾರ್ಡ್ ಕೇಳಿದರೆ ಜವಾಬು ಹೇಳಬೇಕಾದವನು ನಾನು" ಎಂದರು. ನಾನು ಕರ್ನಾಟಕದ ಹೆಂಗಸು ಎಂಬುದಕ್ಕೆ ಆ ಹೊತ್ತಿನಲ್ಲಿ ನನ್ನ ಕನ್ನಡವಲ್ಲದೆ ಬೇರೆ ದಾಖಲೆಯಿರಲಿಲ್ಲ, ಮತ್ತು ಶೂನ್ಯ ಮೊತ್ತದ ಟಿಕೆಟಿಗೆ ಕನ್ನಡ ಸಾಲುವುದಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ನಿಯಮ ಮುರಿದರೆ ಅವರ ಸಂಬಳಕ್ಕೆ ಪೆಟ್ಟು, ನನ್ನದೇನೂ ಹೋಗುವುದಿಲ್ಲ.

ಬೇರೆ ದಾರಿಗಳೂ ಒಂದೊಂದಾಗಿ ಇದೇ ಬಾಗಿಲಿಗೆ ಬಂದು ನಿಂತವು. ಬೇರೆಯವರ ಫೋನಿನಲ್ಲಿ ನನ್ನ ಯುಪಿಐ ತೆರೆಯಲು ಬರುವುದಿಲ್ಲ, ಖಾತೆಗೆ ಜೋಡಿಸಿದ ಸಿಮ್ಮು ಅದೇ ಫೋನಿನಲ್ಲಿರಬೇಕು. ಆಧಾರ್ ಸಂಖ್ಯೆ ಹೇಳಿ ಬೆರಳಚ್ಚು ಒತ್ತಿದರೆ ಖಾತೆಯಿಂದ ನಗದು ಕೊಡುವ ವ್ಯವಸ್ಥೆ ಅಂಚೆ ಕಚೇರಿಗಳಲ್ಲೂ ಬ್ಯಾಂಕ್ ಪ್ರತಿನಿಧಿಗಳ ಅಂಗಡಿಗಳಲ್ಲೂ ಇದೆ. ಹಳ್ಳಿಗಳಲ್ಲಿ ಪಿಂಚಣಿದಾರರು ಹಾಗೆಯೇ ಹಣ ಪಡೆಯುತ್ತಾರೆ, ಕಾರ್ಡೂ ಬೇಡ, ಫೋನೂ ಬೇಡ. ನನ್ನಂತೆ ಬರಿಗೈಯಾದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಅಂದು ಭಾನುವಾರವಾಗಿತ್ತು. ಅದಕ್ಕಿಂತ ಮುಖ್ಯವಾಗಿ ನನಗೆ ಆಧಾರ್‌ನ ಕೊನೆಯ ನಾಲ್ಕು ಅಂಕಿಗಳು ಮಾತ್ರ ಗೊತ್ತಿದ್ದವು, ಏಕೆಂದರೆ ಹತ್ತು ವರ್ಷಗಳಿಂದ ಎಲ್ಲ ಪರದೆಗಳೂ ಮೊದಲ ಎಂಟನ್ನು ಮುಚ್ಚಿಟ್ಟು ಉಳಿದದ್ದನ್ನಷ್ಟೇ ನನಗೆ ತೋರಿಸುತ್ತ ಬಂದಿವೆ. ಕಳ್ಳರಿಂದ ಅವು ಬಚ್ಚಿಟ್ಟುಕೊಂಡವೋ ಇಲ್ಲವೋ ಕಾಣೆ, ನನ್ನಿಂದಂತೂ ಚೆನ್ನಾಗಿ ಬಚ್ಚಿಟ್ಟುಕೊಂಡಿದ್ದವು.

ಹಾಗಾಗಿ ಸ್ಟೇಷನ್ನಿಗೆ ಮರಳಿ, ನೀರು ಕೊಟ್ಟಿದ್ದ ಅದೇ ಅಂಗಡಿಯವನ ಮುಂದೆ ನಿಂತೆ. ಫೋನ್ ಕೊಡಿ ಎಂದರೆ ಈಗ ಯಾರೂ ಕೊಡುವುದಿಲ್ಲ, ಕೊಡಲೂಬಾರದು. "ನಾನು ನಂಬರ್ ಹೇಳ್ತೀನಿ, ನೀವೇ ಒತ್ತಿ ಸ್ಪೀಕರ್‌ಗೆ ಹಾಕಪ್ಪ" ಎಂದೆ. ಅವನ ಮುಖದ ಬಿಗಿ ಕೂಡಲೇ ಸಡಿಲವಾಯಿತು. ಆದರೆ ಯಾವ ನಂಬರು? ದಿನವೂ ಮಾತಾಡುವ ಮಗನ ನಂಬರು ನನಗೆ ಬಾರದು, ಅವನು ನನ್ನ ಫೋನಿನಲ್ಲಿ ಬರಿಯ ಹೆಸರು. ಯಜಮಾನರ ನಂಬರಿನ ಕೊನೆ ಇಪ್ಪತ್ತಾರೋ ಅರವತ್ತೆರಡೋ ಎಂಬ ಅನುಮಾನದಲ್ಲಿ ಎರಡನ್ನೂ ಒತ್ತಿಸಿದೆ. ಒಂದು ಚಾಲ್ತಿಯಲ್ಲಿರಲಿಲ್ಲ, ಇನ್ನೊಂದನ್ನು ಎತ್ತಿದವರು ಹಿಂದಿಯಲ್ಲಿ ಬೈದರು. ತವರುಮನೆಯ ಐದಂಕಿಯ ಲ್ಯಾಂಡ್‌ಲೈನ್ ಮಾತ್ರ ಮಗ್ಗಿಯಂತೆ ನೆನಪಿತ್ತು, ಆ ಫೋನೂ ಇಲ್ಲ, ಆ ಮನೆಯೂ ಇಲ್ಲ. ಆಗ ಹೊಳೆದದ್ದು ದಾವಣಗೆರೆಯ ತಂಗಿ. ಅವಳ ಸಿಮ್ಮನ್ನು 2004ರಲ್ಲಿ ನಾನೇ ಕೊಡಿಸಿದ್ದೆ. ಕಾರ್ಡು ಗೀಚಿ ಕರೆನ್ಸಿ ಹಾಕಿಸುತ್ತಿದ್ದ ಆ ಕಾಲದಲ್ಲಿ ನೂರಾರು ಸಲ ಬೆರಳಿನಿಂದ ಒತ್ತಿದ ನಂಬರು ಅದು. ತಲೆ ಮರೆತಿದ್ದರೂ ಬೆರಳು ಮರೆತಿರಲಿಲ್ಲ. ಬಾಯಲ್ಲಿ ಹೇಳಲು ತಡವರಿಸಿದಾಗ ಅಂಗಡಿಯ ಕಟ್ಟೆಯ ಮೇಲೆ ಹಳೆಯ ಫೋನಿನ ಗುಂಡಿಗಳಿವೆ ಎಂದುಕೊಂಡು ಒತ್ತಿ ನೋಡಿ ಹತ್ತೂ ಅಂಕಿಗಳನ್ನು ಹೇಳಿದೆ.

ತಂಗಿ ಎರಡು ಸಲ ಎತ್ತಲಿಲ್ಲ. ಗೊತ್ತಿಲ್ಲದ ನಂಬರು ಎತ್ತಬೇಡ ಎಂದು ಅವಳಿಗೆ ಪಾಠ ಹೇಳಿದ್ದವಳೂ ನಾನೇ. ಅಂಗಡಿಯವನಿಂದ ಒಂದು ಎಸ್ಎಂಎಸ್ ಕಳಿಸಿದ ಮೇಲೆ ಅವಳೇ ಕರೆ ಮಾಡಿದಳು, ದನಿ ಕಲ್ಲಿನಂತಿತ್ತು. ನಾನು ಹೇಳತೊಡಗಿದಂತೆ ನನಗೇ ಅರಿವಾಯಿತು: ದಾರಿಯಲ್ಲಿ ಸಿಕ್ಕಿಕೊಂಡಿದ್ದೇನೆ, ಫೋನ್ ಕಳೆದಿದೆ, ಇದು ಬೇರೆಯವರ ನಂಬರು, ಐನೂರು ರೂಪಾಯಿ ಕಳಿಸು — ಇದರಲ್ಲಿ ಮೋಸಗಾರರು ಹೇಳದ ಒಂದು ವಾಕ್ಯವೂ ಇರಲಿಲ್ಲ. ಧ್ವನಿಯನ್ನೂ ನಕಲು ಮಾಡುತ್ತಾರಂತೆ ಎಂಬ ಭಯ ಬೇರೆ ಇದೆ. ಅವಳು ಕೊಂಚ ಹೊತ್ತು ಸುಮ್ಮನಿದ್ದು, "ಅಕ್ಕ ಅಂತೀರಲ್ಲ, ಹಾಗಾದರೆ ಅಜ್ಜಿ ಮನೆಯ ಎಮ್ಮೆ ಹೆಸರು ಹೇಳಿ" ಎಂದಳು.

"ಸುಂದರಿ" ಎಂದೆ. "ಎಡಗಡೆಯ ಕೊಂಬು ಮುರಿದಿತ್ತು. ನಿನ್ನನ್ನು ಸಗಣಿ ಗುಂಡಿಗೆ ಕೆಡವಿತ್ತು."

"ಅಯ್ಯೋ ಅಕ್ಕಾ, ನೀನೇನೇ! ಅಲ್ಲೇನು ಮಾಡ್ತಿದ್ದೀ?" ಎಂದಳು. ಬಹುವಚನ ಹೋಗಿ ಏಕವಚನ ಬಂದಾಗ ನನಗಾದ ಸಮಾಧಾನವನ್ನು ಹೇಳಲಾರೆ. ಅಂಗಡಿಯವನು ಮುಖ ಆಚೆ ತಿರುಗಿಸಿ ನಗುತ್ತಿದ್ದ.

ನಂಬಿಕೆ ಬಂದರೂ ದುಡ್ಡು ಬರಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಅವನ ಅಂಗಡಿಯ ಕ್ಯೂಆರ್‌ಗೆ ಬಂದ ಹಣ ಗುತ್ತಿಗೆದಾರರ ಖಾತೆಗೆ ಹೋಗುತ್ತದೆ, ಆದ್ದರಿಂದ ಗಲ್ಲೆಯಿಂದ ನಗದು ಕೊಡಲು ಅವನಿಗೆ ಅಧಿಕಾರವಿಲ್ಲ. ಹೊರಗಿನ ಬೇಕರಿಯಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಹೊಸ ರಟ್ಟು ತೂಗುತ್ತಿತ್ತು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದ ತಿಂಗಳು ಅದು. ಸಾಲಿನಲ್ಲಿದ್ದ ಔಷಧಿ ಅಂಗಡಿಯವರು ಮಾತ್ರ ಕೇಳಿಸಿಕೊಂಡರು. ಗುರುತಿಲ್ಲದವರಿಂದ ಬಂದ ಹಣ ನಾಳೆ ಯಾವುದೋ ವಂಚನೆಯದ್ದು ಎಂದಾದರೆ ತಮ್ಮ ಖಾತೆ ಸ್ಥಗಿತವಾಗುತ್ತದೆ ಎಂಬ ಅಂಜಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಿ, ತಂಗಿಯೊಂದಿಗೆ ತಾವೇ ಮಾತಾಡಿ, ಆಮೇಲೆ ನಂಬರು ಕೊಟ್ಟರು. ಮೇಜಿನ ಮೇಲಿನ ಪೆಟ್ಟಿಗೆ ಐನೂರು ರೂಪಾಯಿ ಬಂದಿದೆ ಎಂದು ಕೂಗಿತು. ಅವರು ಎರಡು ಇನ್ನೂರರ ನೋಟು, ಒಂದು ನೂರರ ನೋಟು ಎಣಿಸಿ ಕೊಟ್ಟರು. ನಾನು ಏನಾದರೂ ಕೊಳ್ಳಬೇಕೆಂದು ಒಂದು ನೋವಿನ ಮುಲಾಮು ಕೇಳಿದೆ. "ಇರಲಿ ಬಿಡಿ, ಮೊದಲು ಊರು ಸೇರಿ" ಎಂದರು.

ಸಂಜೆಯ ಬಸ್ಸು ಕಡೂರು, ಬೀರೂರು, ತರೀಕೆರೆ, ಭದ್ರಾವತಿ ಎಂದು ಬಿ.ಎಚ್. ರಸ್ತೆಯುದ್ದಕ್ಕೂ ಮಳೆಯಲ್ಲಿ ಸಾಗಿತು. ಎರಡು ವರ್ಷಗಳ ನಂತರ ಮೊದಲ ಬಾರಿಗೆ ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ಕೊಂಡೆ, ಮತ್ತು ಅದನ್ನು ಕೈಯಲ್ಲೇ ಹಿಡಿದು ಕುಳಿತೆ, ಏಕೆಂದರೆ ಈ ಬಸ್ಸಿನಲ್ಲಿ ನಾನು ಇರಬಹುದು ಎನ್ನಲು ನನ್ನ ಬಳಿಯಿದ್ದ ಕಾಗದ ಅದೊಂದೇ ಆಗಿತ್ತು. ಸಿಮ್ ಬಂದ್ ಮಾಡಿಸಲೇ ಎಂದು ತಂಗಿ ಕೇಳಿದ್ದಳು, ಬೇಡವೆಂದಿದ್ದೆ. ಬ್ಯಾಗಿನ ಸುದ್ದಿ ಬಾರದಿದ್ದರೆ ಅದನ್ನು ಮೊದಲು ಮಾಡಿಸಬೇಕಾಗಿತ್ತು; ಪರ್ಸಿಗಿಂತ ಸಿಮ್ಮು ಅಪಾಯದ್ದು.

ಶಿವಮೊಗ್ಗದ ಸ್ಟೇಷನ್ನಿನಲ್ಲಿ ತಂಗಿಯಿಂದ ಸುದ್ದಿ ತಿಳಿದ ಯಜಮಾನರು ಕೊಡೆ ಹಿಡಿದು ನಿಂತಿದ್ದರು, ನಂಬರಿನ ಕೊನೆ ಇಪ್ಪತ್ತಾರೂ ಅಲ್ಲ ಅರವತ್ತೆರಡೂ ಅಲ್ಲವೆಂದು ಅಲ್ಲೇ ತಿಳಿಯಿತು. ರಕ್ಷಣಾ ಪಡೆಯ ಪೇದೆ ಬ್ಯಾಗನ್ನು ಮೇಜಿನ ಮೇಲಿಟ್ಟುಕೊಂಡು, ಒಳಗೇನಿದೆ ಹೇಳಿ ಎಂದರು. ಎರಡು ಸೀರೆ, ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ಮೊಮ್ಮಗಳು ಬಿಡಿಸಿದ ಆನೆ. "ಇನ್ನೊಂದು ಪೊಟ್ಟಣವಿದೆಯಲ್ಲ?" ಎಂದರು. ನನಗೆ ಗೊತ್ತಿರಲಿಲ್ಲ. ತೆಗೆದು ನೋಡಿದರೆ ಕೋಡುಬಳೆ, ಸೊಸೆ ನನಗೆ ಹೇಳದೆ ತುರುಕಿದ್ದದ್ದು. ಅವರು ಯೋಚಿಸಿ ಫೋನನ್ನು ನನ್ನತ್ತ ಸರಿಸಿದರು; ಸೆರಗಿಗೆ ಒರೆಸಿಕೊಂಡು ಬೆರಳಿಟ್ಟೆ, ತೆರೆಯಿತು. ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಬರೆದು ಸಹಿ ಹಾಕುವಾಗ ಇನ್ನೊಬ್ಬರ ನಂಬರೂ ಬರೆಯಿರಿ ಎಂದರು. ಯಜಮಾನರು ಪಕ್ಕದಲ್ಲೇ ಇದ್ದರು. ನಾನು ತಂಗಿಯ ನಂಬರು ಬರೆದೆ.